ಪನಿಷರ್ ಒನ್‌ಶಾಟ್‌ಗಳು: ‘ದ ಟೈಗರ್’, ‘ದ ಸೆಲ್’, ‘ದ ಎಂಡ್’ ಯಾವ ಕ್ರಮದಲ್ಲಿ ಓದಬೇಕು?

ಗೆರೆಗಾರ

ಮಾರ್ವೆಲ್ ಕಾಮಿಕ್ಸ್‌ನ ‘ಪನಿಷರ್: ಫ್ರಮ್ ಫಸ್ಟ್ ಟು ಲಾಸ್ಟ್’ ಸಂಕಲನದ ಬಗ್ಗೆ ಒಂದೇ ಕಡೆ ಮಾಹಿತಿ ಇರಲಿ ಅಂತ ಈ ಚರ್ಚೆ ಶುರು ಮಾಡ್ತಿದ್ದೀನಿ. ಗಾರ್ತ್ ಎನಿಸ್ ಬರೆದ ಮೂರು ಒನ್‌ಶಾಟ್‌ಗಳು, ಅಂದರೆ ಒಂದೇ ಸಂಚಿಕೆಯಲ್ಲಿ ಮುಗಿಯುವ ಬಿಡಿ ಕಥೆಗಳು, ಇದರಲ್ಲಿವೆ. ಒಂದಕ್ಕೂ ಇನ್ನೊಂದಕ್ಕೂ ‘ಮುಂದುವರಿಯುವುದು’ ಅನ್ನೋ ಕೊಂಡಿ ಇಲ್ಲ. ಗೊತ್ತಿದ್ದವರು ಹೇಳಿ: ಯಾವ ಕ್ರಮದಲ್ಲಿ ಓದೋದು ಸರಿ? ಮೊದಲು ಎನಿಸ್ ಬರೆದ ಮ್ಯಾಕ್ಸ್ (ಮಾರ್ವೆಲ್‌ನ ವಯಸ್ಕರ ವಿಭಾಗ) ಸರಣಿಯ 60 ಸಂಚಿಕೆ ಓದಿರಲೇಬೇಕಾ? ಇದೇ ಬಗೆಯ ಬೇರೆ ಒನ್‌ಶಾಟ್‌ಗಳಲ್ಲಿ ಯಾವುದು ಓದಲು ಯೋಗ್ಯ? ಕಥೆಯ ಗುಟ್ಟು ಬಿಡುವವರು ದಯವಿಟ್ಟು ಮೊದಲೇ ಎಚ್ಚರಿಕೆ ಹಾಕಿ.

ಹಳೇಪುಸ್ತಕ

60 ಸಂಚಿಕೆ ಓದಿರಬೇಕಾಗಿಲ್ಲ. ಪನಿಷರ್ ಅಂದರೆ ಫ್ರ್ಯಾಂಕ್ ಕ್ಯಾಸಲ್, ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಮರೀನ್ ಯೋಧ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಮಾಫಿಯಾ ಗುಂಡಿನ ಕಾಳಗಕ್ಕೆ ಸಿಕ್ಕಿ ಅವನ ಹೆಂಡತಿ, ಮಕ್ಕಳು ಸತ್ತರು. ಅಂದಿನಿಂದ ಅವನು ಅಪರಾಧಿಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದಾನೆ. ಇಷ್ಟು ಗೊತ್ತಿದ್ದರೆ ಮೂರೂ ಕಥೆ ಅರ್ಥವಾಗುತ್ತವೆ.

ಕ್ರಮದ ಪ್ರಶ್ನೆ ಮಾತ್ರ ಸುಲಭದ್ದಲ್ಲ. ಪುಸ್ತಕ ನಾಯಕನ ಬದುಕಿನ ಕ್ರಮದಲ್ಲಿ ಜೋಡಿಸಿದೆ: ‘ದ ಟೈಗರ್’ ಬಾಲ್ಯ, ‘ದ ಸೆಲ್’ ನಡುವಯಸ್ಸು, ‘ದ ಎಂಡ್’ ಹೆಸರೇ ಹೇಳುವಂತೆ ಕೊನೆ. ಬಿಡುಗಡೆಯಾದ ಕ್ರಮ ಇದರ ಪೂರ್ತಿ ತಿರುವು. ‘ದ ಎಂಡ್’ ಬಂದದ್ದು 2004ರಲ್ಲಿ, ‘ದ ಸೆಲ್’ 2005ರಲ್ಲಿ, ‘ದ ಟೈಗರ್’ 2006ರಲ್ಲಿ. ಅಂದರೆ ಓದುಗರ ಕೈಗೆ ಮೊದಲು ಸಿಕ್ಕಿದ್ದು ಸಾವು, ಬಾಲ್ಯ ಸಿಕ್ಕಿದ್ದು ಕಟ್ಟಕಡೆಗೆ.

ನನ್ನ ಸಲಹೆ: ಬಿಡುಗಡೆಯ ಕ್ರಮದಲ್ಲೇ ಓದಿ, ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ. (ಇಲ್ಲಿಂದ ಈ ಪೋಸ್ಟ್ ಮುಗಿಯುವ ತನಕ ಮೂರೂ ಕಥೆಗಳ ಗುಟ್ಟು ಇದೆ.)

ಬದುಕಿನ ಕ್ರಮದಲ್ಲಿ ಓದಿದರೆ ‘ದ ಟೈಗರ್’ ಒಂದು ಕಾರಣವಾಗಿಬಿಡುತ್ತದೆ. 1960ರ ಬ್ರೂಕ್ಲಿನ್. ನೆರೆಯ ಹುಡುಗಿಯೊಬ್ಬಳಿಗೆ ಮಾಫಿಯಾ ಮುಖ್ಯಸ್ಥನ ಮಗ ಮಾಡಿದ ಅನ್ಯಾಯ, ಆಕೆಯ ಸಾವು, ಮರೀನ್ ಆಗಿದ್ದ ಅವಳ ಅಣ್ಣ ಊರಿಗೆ ಬಂದು ತೀರಿಸಿಕೊಳ್ಳುವ ಸೇಡು. ಬಾಲಕ ಫ್ರ್ಯಾಂಕ್ ಇದನ್ನೆಲ್ಲ ನೋಡುತ್ತಾನೆ. ‘ಓಹೋ, ಇದಕ್ಕೇ ಇವನು ಹೀಗಾದ’ ಎಂದು ಓದುಗ ಗಂಟು ಹಾಕಿಕೊಂಡು ಮುಂದಿನ ಎರಡೂ ಕಥೆಗೆ ಅದೇ ಕನ್ನಡಕ ಹಾಕಿಕೊಳ್ಳುತ್ತಾನೆ. ಎನಿಸ್ ಕಟ್ಟಿದ್ದು ಅದಕ್ಕೆ ಉಲ್ಟಾ. ‘ದ ಎಂಡ್’ನಲ್ಲಿ ಅವನು ಏನು ಮಾಡಬಲ್ಲ ಎಂದು ಪೂರ್ತಿ ನೋಡಿದ ಮೇಲೆ, ‘ದ ಸೆಲ್’ನಲ್ಲಿ ಅವನ ಕುಟುಂಬದ ಲೆಕ್ಕ ಚುಕ್ತಾ ಆದ ಮೇಲೆ, ಆ ಮಗು ನಮ್ಮೆದುರು ನಿಲ್ಲುತ್ತದೆ. ಆಗ ‘ದ ಟೈಗರ್’ ಉತ್ತರವಾಗಿ ಕಾಣುವುದಿಲ್ಲ, ಪ್ರಶ್ನೆಯಾಗಿ ಉಳಿಯುತ್ತದೆ. ಶೀರ್ಷಿಕೆ ತೆಗೆದುಕೊಂಡಿರುವ ವಿಲಿಯಂ ಬ್ಲೇಕ್‌ನ 1794ರ ಪದ್ಯವೂ ಉದ್ದಕ್ಕೂ ಪ್ರಶ್ನೆಗಳಿಂದಲೇ ಕಟ್ಟಿದ್ದು. ಹುಲಿಯನ್ನು ಸೃಷ್ಟಿಸಿದ್ದು ಯಾವ ಕೈ ಎಂದು ಕೇಳುತ್ತದೆಯೇ ಹೊರತು ಉತ್ತರ ಕೊಡುವುದಿಲ್ಲ.

ತುಂಗಾತೀರ

@ಹಳೇಪುಸ್ತಕ ಸರ್, ನಿಮ್ಮ ವಾದ ಒಪ್ಪುತ್ತೇನೆ, ಆದರೆ ಹೊಸಬರಿಗೆ ಅದು ಭಾರ. ‘ದ ಎಂಡ್’ನಿಂದ ಶುರು ಮಾಡಿದವರು ಅಲ್ಲೇ ಪುಸ್ತಕ ಮುಚ್ಚುವ ಅಪಾಯ ಇದೆ. ಅಣುಯುದ್ಧವಾದ ಮೇಲಿನ ಲೋಕ, ಸುಟ್ಟ ಊರು, ಕರಗುತ್ತಿರುವ ಮೈ. ಓದುಗನಿಗೆ ಕಾಲೂರಲು ಒಂದು ಜಾಗವೂ ಇಲ್ಲ.

ಪನಿಷರ್ ಎಂದೂ ಓದಿಲ್ಲದವರಿಗೆ ನಾನು ಹೇಳುವುದು ಹೀಗೆ. ಮೊದಲು ‘ದ ಸೆಲ್’ ಮಾತ್ರ ಓದಿ. ಅದು ಮೂರರಲ್ಲೇ ಬಿಗಿಯಾಗಿ ಹೆಣೆದ ಕಥೆ. ನಂತರ ಎರಡು ದಾರಿ: ಮನುಷ್ಯನ ಬಗ್ಗೆ ಕುತೂಹಲ ಹುಟ್ಟಿದರೆ ‘ದ ಟೈಗರ್’, ಅವನ ನ್ಯಾಯದ ಬಗ್ಗೆ ಅನುಮಾನ ಹುಟ್ಟಿದರೆ ‘ದ ಎಂಡ್’.

‘ದ ಸೆಲ್’ ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ಬಿಡಿಸಿ ನೋಡಬೇಕು (ಗುಟ್ಟು ಇದೆ). ಫ್ರ್ಯಾಂಕ್ ತಾನಾಗಿಯೇ ಪೊಲೀಸರಿಗೆ ಶರಣಾಗಿ ರೈಕರ್ಸ್ ಐಲ್ಯಾಂಡ್ ಜೈಲು ಸೇರುತ್ತಾನೆ. ಅವನ ಮೇಲೆ ಹಗೆಯಿರುವ ಎಷ್ಟೋ ಕೈದಿಗಳು ಒಳಗಿದ್ದಾರೆ. ಯಾಕೆ ಬಂದ ಎಂದು ಕಥೆ ಬಾಯಿ ಬಿಡುವುದಿಲ್ಲ. ಅವನು ಕೈದಿಗಳ ಗುಂಪುಗಳ ನಡುವಿನ ದ್ವೇಷವನ್ನು ಒಂದೊಂದೇ ಹೆಜ್ಜೆಯಾಗಿ ಕೆದಕುತ್ತಾನೆ, ಜೈಲಿಗೆ ಜೈಲೇ ಹೊತ್ತಿ ಉರಿಯುತ್ತದೆ, ಕಾವಲಿನವರ ಗಮನ ಅತ್ತ ಹರಿಯುತ್ತದೆ. ಆ ಗದ್ದಲದಲ್ಲಿ ಅವನಿಗೆ ಬೇಕಾಗಿದ್ದು ಒಂದೇ ಒಂದು ಕೋಣೆಯ ಬಾಗಿಲು. ಒಳಗೆ ಸುಖವಾಗಿ ದಿನ ದೂಡುತ್ತಿರುವ ಮಾಫಿಯಾ ಮುದುಕರು. ಅಂದು ಪಾರ್ಕಿನಲ್ಲಿದ್ದವರು ಇವರೇ ಎನ್ನುವುದು ನಮಗೆ ತಿಳಿಯುವುದು ಬಾಗಿಲು ಮುಚ್ಚಿಕೊಂಡ ಮೇಲೆ. ಅಲ್ಲಿಯವರೆಗೆ ನೋಡಿದ ಪ್ರತಿ ಹೆಜ್ಜೆಗೂ ಆಗ ಹಿಂದಿನಿಂದ ಅರ್ಥ ಬರುತ್ತದೆ.

ಮಾಸಿಕ ಸರಣಿಯಲ್ಲಿ ಇದನ್ನು ಮಾಡಲಾಗದು. ಆಗಿನ ಸಾಮಾನ್ಯ ಸಂಚಿಕೆಯಲ್ಲಿ 22 ಪುಟ. ಒಂದು ಗುಟ್ಟನ್ನು ನಾಲ್ಕು ತಿಂಗಳು ಎಳೆದರೆ ಓದುಗರು ಎರಡನೇ ತಿಂಗಳಿಗೇ ಊಹಿಸಿಬಿಡುತ್ತಾರೆ. ಒನ್‌ಶಾಟ್‌ಗೆ ಅದರ ಎರಡರಷ್ಟು ಜಾಗ, ಒಂದೇ ಕೂತಿಗೆ ಓದು. ಗುಟ್ಟು ಹಳಸುವ ಮೊದಲೇ ಕಥೆ ಮುಗಿದಿರುತ್ತದೆ.

ಮಸಿಕುಡಿಕೆ

ಫ್ರ್ಯಾಂಕ್‌ಗೆ ಬಿಡಿ ಕಥೆಯೇ ಯಾಕೆ ಒಗ್ಗುತ್ತದೆ ಎನ್ನುವುದಕ್ಕೆ ಅವನ ಇತಿಹಾಸದಲ್ಲೇ ಉತ್ತರ ಇದೆ.

ಅವನು ಮೊದಲು ಕಾಣಿಸಿಕೊಂಡದ್ದು ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 129ನೇ ಸಂಚಿಕೆಯಲ್ಲಿ, ಫೆಬ್ರವರಿ 1974. ಬರೆದವರು ಗೆರ್ರಿ ಕಾನ್ವೇ, ಒಳಪುಟದ ಚಿತ್ರ ರಾಸ್ ಆಂಡ್ರು, ವೇಷದ ವಿನ್ಯಾಸ ಜಾನ್ ರೊಮಿಟಾ ಸೀನಿಯರ್. ಸ್ಪೈಡರ್‌ಮ್ಯಾನ್ ಕೊಲೆಗಾರ ಎಂದು ನಂಬಿ, ಜಾಕಲ್ ಎಂಬ ಖಳನ ಮಾತು ಕೇಳಿ ಬೆನ್ನಟ್ಟುವ ಪಾತ್ರ, ಅಷ್ಟೇ. ಆಗಿನ ಕಾಮಿಕ್ಸ್‌ಗೆ 1954ರಲ್ಲಿ ಬಂದ ಕಾಮಿಕ್ಸ್ ಕೋಡ್‌ನ (ಪ್ರಕಾಶಕರು ತಾವೇ ಹಾಕಿಕೊಂಡ ಸೆನ್ಸಾರ್ ನಿಯಮ) ಕಡಿವಾಣ ಇತ್ತು. ಬಂದೂಕು ಹಿಡಿದು ಕೊಲ್ಲುವವನನ್ನು ಅದರೊಳಗೆ ಓಡಿಸುವುದು ಕಷ್ಟ. ಕೆಲವು ಕಥೆಗಳಲ್ಲಿ ಅವನ ಕೈಗೆ ಕೊಲ್ಲದ ‘ಮರ್ಸಿ ಬುಲೆಟ್’ ಕೊಟ್ಟದ್ದೂ ಇದೆ!

ಅವನ ಕುಟುಂಬದ ಕಥೆ ಹೊರಬಂದದ್ದು ‘ಮಾರ್ವೆಲ್ ಪ್ರಿವ್ಯೂ’ 2ನೇ ಸಂಚಿಕೆಯಲ್ಲಿ, 1975. ಅದು ಕಪ್ಪುಬಿಳುಪು ಮ್ಯಾಗಜೀನ್, ಕೋಡ್ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಮರುವರ್ಷ ‘ಮಾರ್ವೆಲ್ ಸೂಪರ್ ಆಕ್ಷನ್’ 1ನೇ ಸಂಚಿಕೆ. ಎರಡಕ್ಕೂ ಚಿತ್ರ ಟೋನಿ ಡಿಜುನಿಗಾ. ಗಮನಿಸಿ: ಫ್ರ್ಯಾಂಕ್ ಮೊದಲ ಬಾರಿಗೆ ತನ್ನ ನಿಜವಾದ ರೂಪ ಪಡೆದದ್ದೇ ಬಿಡಿ ಕಥೆಗಳಲ್ಲಿ.

ಮಾಸಿಕವಾದಾಗ ಏನಾಯಿತು ನೋಡಿ. 1986ರಲ್ಲಿ ಸ್ಟೀವನ್ ಗ್ರಾಂಟ್ ಮತ್ತು ಮೈಕ್ ಝೆಕ್ ಐದು ಸಂಚಿಕೆಯ ಕಿರುಸರಣಿ ತಂದರು. ಅದಕ್ಕೂ ಮೊದಲು ಇನ್ನೊಂದು ಸರಣಿಯಲ್ಲಿ ಫ್ರ್ಯಾಂಕ್ ರಸ್ತೆಯಲ್ಲಿ ಕಸ ಎಸೆದವರ ಮೇಲೂ ಗುಂಡು ಹಾರಿಸುವ ಹುಚ್ಚನಾಗಿದ್ದ. ಅದನ್ನು ಸರಿಪಡಿಸಲು, ‘ಅವನಿಗೆ ಯಾರೋ ಔಷಧಿ ಹಾಕಿದ್ದರು’ ಎಂದು ಗ್ರಾಂಟ್ ವಿವರಣೆ ಕೊಡಬೇಕಾಯಿತು. ಸರಣಿಯ ಹೊರೆ ಅಂದರೆ ಇದೇ: ಹಿಂದಿನವರು ಮಾಡಿದ ಅಧ್ವಾನಕ್ಕೆ ಮುಂದಿನವರು ಪುಟ ಖರ್ಚು ಮಾಡಬೇಕು. 1987ರಿಂದ ಮಾಸಿಕ, 1988ರಿಂದ ‘ವಾರ್ ಜರ್ನಲ್’, 1992ರಿಂದ ‘ವಾರ್ ಝೋನ್’, ಹೀಗೆ ಏಕಕಾಲಕ್ಕೆ ಮೂರು ಸರಣಿ ಓಡಿ 1995ರಲ್ಲಿ ಮೂರೂ ನಿಂತವು. 1998ರಲ್ಲಿ ಅವನನ್ನು ದೇವದೂತರ ಆಯುಧ ಹಿಡಿದ ಸತ್ತ ಮನುಷ್ಯನನ್ನಾಗಿ ಮಾಡಿದರು. 2009ರ ಹೊತ್ತಿಗೆ ಹೊಲಿಗೆ ಹಾಕಿದ ಫ್ರಾಂಕನ್‌ಸ್ಟೈನ್ ರಾಕ್ಷಸನನ್ನಾಗಿಯೂ ಮಾಡಿದರು.

ಕಾರಣ ಸರಳ. ಧಾರಾವಾಹಿಗೆ ಬದಲಾಗುವ ನಾಯಕ ಬೇಕು. ಫ್ರ್ಯಾಂಕ್ ಬದಲಾಗುವುದಿಲ್ಲ, ಬದಲಾದರೆ ಅವನು ಫ್ರ್ಯಾಂಕ್ ಅಲ್ಲ. ಹಾಗಾಗಿ ಪ್ರಕಾಶಕರು ಅವನ ಸುತ್ತಲಿನದ್ದನ್ನೆಲ್ಲ ಬದಲಾಯಿಸಿ ಸುಸ್ತಾದರು. ಬಿಡಿ ಕಥೆಗೆ ಆ ಒತ್ತಡವೇ ಇಲ್ಲ. ಅಲ್ಲಿ ಬದಲಾಗುವುದು ಅವನ ಎದುರಿಗೆ ಬಂದವರು, ಇಲ್ಲವೇ ಓದುಗ.

ಗೆರೆಗಾರ

ಮಸಿಕುಡಿಕೆಯವರೇ, ಇದು ಬಹಳ ಉಪಯೋಗಕ್ಕೆ ಬಂತು. ಚಿತ್ರಗಳ ಬಗ್ಗೆಯೂ ಯಾರಾದರೂ ಬರೆಯಿರಿ. ಮೂರು ಕಥೆಗೆ ಮೂವರು ಬೇರೆ ಬೇರೆ ಕಲಾವಿದರು, ಒಬ್ಬರಿಗೂ ಇನ್ನೊಬ್ಬರಿಗೂ ಹೋಲಿಕೆಯೇ ಇಲ್ಲ.

ಕುಂಚಕೌಶಲ

ಆ ಆಯ್ಕೆಯೇ ಈ ಸಂಕಲನದ ದೊಡ್ಡ ಗೆಲುವು.

‘ದ ಟೈಗರ್’ಗೆ ಜಾನ್ ಸೆವೆರಿನ್. 1921ರಲ್ಲಿ ಹುಟ್ಟಿದವರು, ಇದನ್ನು ಬರೆಯುವಾಗ 80 ದಾಟಿತ್ತು. 1950ರ ದಶಕದಲ್ಲಿ ಇ.ಸಿ. ಕಾಮಿಕ್ಸ್‌ನ ‘ಟೂ ಫಿಸ್ಟೆಡ್ ಟೇಲ್ಸ್’ ಯುದ್ಧಕಥೆಗಳಿಗೆ ಚಿತ್ರ ಬರೆದ ಕೈ ಅದು. 1960ರ ಬೀದಿ, ಕೋಟು, ಕಾರು, ಮನೆ ಮುಂದಿನ ಮೆಟ್ಟಿಲು ಅವರಿಗೆ ಬದುಕಿ ಬಂದ ಕಾಲ. ಅವರ ಗೆರೆಯನ್ನು ಹತ್ತಿರದಿಂದ ನೋಡಿ: ನೆರಳಿಗೆ ಕಪ್ಪು ಬಳಿಯುವುದಿಲ್ಲ, ಕೂದಲೆಳೆಯಂಥ ಗೆರೆಗಳನ್ನು ಒತ್ತೊತ್ತಾಗಿ ಎಳೆದು ನೆರಳು ಮಾಡುತ್ತಾರೆ. ಕೆನ್ನೆಯ ಗುಳಿಗೆ ಗೆರೆಯ ದಿಕ್ಕೇ ಬೇರೆ, ಕೋಟಿನ ಮಡಿಕೆಗೆ ಬೇರೆ. ಹಾಗಾಗಿ ಮುಖಗಳೆಲ್ಲ ನೆರೆಹೊರೆಯವರ ಹಾಗೆ ಕಾಣುತ್ತವೆ. ಕ್ರೌರ್ಯ ನಡೆಯುವುದು ಅಂಥವರ ನಡುವೆ ಎನ್ನುವುದೇ ಅಲ್ಲಿ ಎದೆಗೆ ತಾಗುವ ಸಂಗತಿ.

‘ದ ಸೆಲ್’ನಲ್ಲಿ ಲೂಯಿಸ್ ಲರೋಸಾ. ಮ್ಯಾಕ್ಸ್ ಸರಣಿಯ ಮೊದಲ ಆರು ಸಂಚಿಕೆಗಳೂ ಇವರದೇ. ಫ್ರ್ಯಾಂಕ್‌ನನ್ನು ಅಗಲ ಬೆನ್ನಿನ ಭಾರೀ ಗಾತ್ರದವನಾಗಿ ಬರೆಯುತ್ತಾರೆ. ಕಣ್ಣಿನ ಕುಳಿ ಪೂರ್ತಿ ಕಪ್ಪು. ಜೈಲಿನ ಕಥೆಗೆ ಆ ಕಪ್ಪು ಹೊಂದುತ್ತದೆ, ಬೆಳಕು ಬರುವುದು ಮೇಲಿನ ದೀಪದಿಂದ ಮಾತ್ರ.

‘ದ ಎಂಡ್’ಗೆ ರಿಚರ್ಡ್ ಕಾರ್ಬೆನ್. 2018ರಲ್ಲಿ ಫ್ರಾನ್ಸಿನ ಅಂಗುಲೆಮ್ ಉತ್ಸವದ ಮಹಾಪ್ರಶಸ್ತಿ ಪಡೆದವರು, 2020ರಲ್ಲಿ ತೀರಿಕೊಂಡರು. ಅವರ ಮನುಷ್ಯರು ಜೇಡಿಮಣ್ಣಿನಲ್ಲಿ ತಿದ್ದಿದ ಹಾಗೆ ಉಬ್ಬಿಕೊಂಡಿರುತ್ತಾರೆ. ವಿಕಿರಣದಿಂದ ಬೇಯುತ್ತಿರುವ ಮೈ ಬರೆಯಲು ಇವರಿಗಿಂತ ಸರಿಯಾದ ಕೈ ಸಿಗದು. ಸುಂದರವಾಗಿ ಬರೆಯುವವರ ಕೈಗೆ ಕೊಟ್ಟಿದ್ದರೆ ಆ ಕಥೆ ಒಂದು ಸಾಹಸವಾಗಿಬಿಡುತ್ತಿತ್ತು.

ಪನಿಷರ್ ಉಡುಪಿನ ಎದೆಯ ಮೇಲಿರುವ ತಲೆಬುರುಡೆಯ ಗುರುತಿನ ಬಗ್ಗೆ ಒಂದು ಮಾತು. ಕಾನ್ವೇ ಮೊದಲು ಯೋಚಿಸಿದ್ದು ಎದೆಯ ಒಂದು ಬದಿಗೆ ಚಿಕ್ಕ ಬುರುಡೆ. ರೊಮಿಟಾ ಅದನ್ನು ಇಡೀ ಎದೆಗೆ ಹಿಗ್ಗಿಸಿ, ಹಲ್ಲುಗಳನ್ನು ಸೊಂಟದ ಪಟ್ಟಿಯವರೆಗೆ ಇಳಿಸಿದರು. ಶತ್ರು ತಲೆಗೆ ಗುರಿ ಇಡದೆ ಗುಂಡುನಿರೋಧಕ ಇರುವ ಎದೆಗೆ ಗುರಿ ಇಡಲಿ ಅಂತ ಆ ಬಿಳಿ ಗುರುತು ಎಂದು ಮುಂದೆ ಕಥೆಗಳಲ್ಲೇ ಸಮಜಾಯಿಷಿ ಬಂತು. ಆಗಿನ ಅಗ್ಗದ ಕಾಗದದ ಮುದ್ರಣದಲ್ಲಿ ಇಡೀ ಉಡುಪು ಕಪ್ಪಾದರೆ ಮಡಿಕೆಯೇ ಕಾಣದು, ಅದಕ್ಕೇ ಅಂಚಿಗೆ ನೀಲಿ ಬಿಟ್ಟು ಬಣ್ಣ ತುಂಬುತ್ತಿದ್ದರು. ಬಿಳಿ ಕೈಗವಸು, ಬಿಳಿ ಬೂಟು ಮೊದಲ ರೂಪದಲ್ಲಿದ್ದವು. ಮ್ಯಾಕ್ಸ್ ಕಾಲಕ್ಕೆ ಅವೆಲ್ಲ ಹೋಗಿ ಕಪ್ಪು ಅಂಗಿ, ಉದ್ದ ಕೋಟು ಉಳಿಯಿತು. ಇಂದ್ರಜಾಲ ಕಾಮಿಕ್ಸ್ ಓದಿದವರಿಗೆ ಫ್ಯಾಂಟಮ್ ಉಂಗುರದ ಬುರುಡೆ ನೆನಪಿರುತ್ತದೆ. ಅದು ಹೊಡೆಸಿಕೊಂಡವನ ದವಡೆಯ ಮೇಲೆ ಉಳಿಯುವ ಗುರುತು, ಇದು ಧರಿಸಿದವನ ಎದೆಯ ಮೇಲೇ ಇರುವ ಗುರುತು. ಎರಡೂ ಪಾತ್ರಗಳ ನಡುವಿನ ದೂರ ಅಷ್ಟರಲ್ಲೇ ಗೊತ್ತಾಗುತ್ತದೆ.

ಸಾಗರ_ಸಂಜೆ

ನನಗೊಂದು ಗೊಂದಲ. ಜೇಸನ್ ಆರನ್ ಬರೆದು ಸ್ಟೀವ್ ಡಿಲನ್ ಚಿತ್ರಿಸಿದ ‘ಪನಿಷರ್‌ಮ್ಯಾಕ್ಸ್’ 22 ಸಂಚಿಕೆ ಮುಗಿಯುವಾಗ (2012) ಫ್ರ್ಯಾಂಕ್ ಸಾಯುತ್ತಾನೆ. ಹಾಗಿದ್ದರೆ ‘ದ ಎಂಡ್’ನಲ್ಲಿ ಮುದುಕನಾಗಿ ಬದುಕಿರುವವನು ಯಾರು? ಯಾವುದು ಅಧಿಕೃತ?

ಹಳೇಪುಸ್ತಕ

ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ, ಒಂದನ್ನೊಂದು ಕಟ್ಟಿಹಾಕುವುದಿಲ್ಲ. ಬಿಡಿ ಕಥೆಯ ಲಾಭವೇ ಅದು.

ಇಲ್ಲಿ ಎಡವದಿರಲು ಮೂರು ಫ್ರ್ಯಾಂಕ್‌ಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಒಬ್ಬ ಮಾರ್ವೆಲ್‌ನ ಮುಖ್ಯ ಜಗತ್ತಿನವನು. ಅಲ್ಲಿ ಕಾಲ ಜಾರುತ್ತಿರುತ್ತದೆ, ಯಾರಿಗೂ ವಯಸ್ಸಾಗದು. ವಿಯೆಟ್ನಾಂ ಹಳತಾಯಿತೆಂದು 2019ರಲ್ಲಿ ‘ಸಿಯಾನ್‌ಕಾಂಗ್’ ಎಂಬ ಕಲ್ಪಿತ ಯುದ್ಧಕ್ಕೆ ಅವನ ಹಿನ್ನೆಲೆ ಬದಲಿಸಿದರು. ಎರಡನೆಯವನು ಎನಿಸ್‌ರ ಮ್ಯಾಕ್ಸ್ ಫ್ರ್ಯಾಂಕ್. ಇವನಿಗೆ ನಿಜವಾದ ಕ್ಯಾಲೆಂಡರ್ ಇದೆ: 1971ರಲ್ಲಿ ವಿಯೆಟ್ನಾಂನ ವ್ಯಾಲಿ ಫೋರ್ಜ್ ನೆಲೆಯಲ್ಲಿದ್ದ (ಡ್ಯಾರಿಕ್ ರಾಬರ್ಟ್‌ಸನ್ ಚಿತ್ರಿಸಿದ ‘ಬಾರ್ನ್’, 2003, ನಾಲ್ಕು ಸಂಚಿಕೆ), 2004ರ ಕಥೆಯಲ್ಲಿ ಐವತ್ತು ದಾಟಿದವನು, ಸುತ್ತಲೂ ಸೂಪರ್‌ಹೀರೋಗಳಿಲ್ಲ. ಮೂರನೆಯವನು ಆರನ್ ಅವರವನು, ಎನಿಸ್‌ರದ್ದನ್ನು ಅಡಿಪಾಯ ಮಾಡಿಕೊಂಡು ಬೇರೆ ದಾರಿ ಹಿಡಿದವನು.

ಈ ಸಂಕಲನ ಪೂರ್ತಿ ಎರಡನೆಯವನದು. ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಒಂದಿದೆ: 2000ದ ‘ವೆಲ್ಕಮ್ ಬ್ಯಾಕ್, ಫ್ರ್ಯಾಂಕ್’ ಕೂಡ ಎನಿಸ್‌ರದೇ ಆದ್ದರಿಂದ ಅದರ ಮುಂದುವರಿಕೆ ಎಂದು ಇದನ್ನು ಎತ್ತಿಕೊಳ್ಳುವುದು. ಅದು ಮಾರ್ವೆಲ್‌ನ ಇನ್ನೊಂದು ವಿಭಾಗವಾದ ಮಾರ್ವೆಲ್ ನೈಟ್ಸ್‌ನ ಹನ್ನೆರಡು ಸಂಚಿಕೆಯ ಕಥೆ, ಅದರಲ್ಲಿ ಹಾಸ್ಯ ಧಾರಾಳ, ಹೊಡೆದಾಟ ಕಾರ್ಟೂನಿನಂತೆ ಅತಿರೇಕ. ಅದೇ ನಿರೀಕ್ಷೆ ಇಟ್ಟುಕೊಂಡು ‘ದ ಟೈಗರ್’ ತೆರೆದರೆ ನಿರಾಸೆ ಖಂಡಿತ.

ಬೇರೆ ಒನ್‌ಶಾಟ್‌ಗಳ ಬಗ್ಗೆ ಕೇಳಿದ್ದರು. ಮ್ಯಾಕ್ಸ್ ಹೆಸರಿನಲ್ಲಿ ಎನಿಸ್ ಬಿಟ್ಟ ಮೇಲೆ ಬಂದವು ಬಹಳ, ಗುಣಮಟ್ಟ ಏರುಪೇರು. ನಾನು ಮುಂದಿಡುವವು: ವ್ಯಾಲರೀ ಡೊರಾಜಿಯೊ ಬರೆದ ‘ಬಟರ್‌ಫ್ಲೈ’. ಬಾಡಿಗೆ ಹಂತಕಿಯೊಬ್ಬಳು ತನ್ನ ಆತ್ಮಕಥೆ ಬರೆಯುತ್ತಿರುತ್ತಾಳೆ, ಫ್ರ್ಯಾಂಕ್ ಕಾಣುವುದೇ ಅಪರೂಪ. ಅವನನ್ನು ಅಂಚಿಗೆ ಸರಿಸಿಯೂ ಅವನ ಕಥೆ ಹೇಳಬಹುದೆಂದು ತೋರಿಸಿದ್ದು ಇದು. ಡುವಾನ್ ಸ್ವಿಯರ್ಚಿನ್‌ಸ್ಕಿಯವರ ‘ಫೋರ್ಸ್ ಆಫ್ ನೇಚರ್’ ನಡುಸಮುದ್ರದ ಕಥೆ, ಅಪರಾಧಿಗಳು ನೀರಿನ ಮಧ್ಯೆ ಸಿಕ್ಕಿಬಿದ್ದು ಒಬ್ಬರನ್ನೊಬ್ಬರು ತಿನ್ನುವ ಹಂತಕ್ಕೆ ಬರುತ್ತಾರೆ. ಆರನ್‌ರ ‘ಎಕ್ಸ್‌ಮಸ್ ಸ್ಪೆಷಲ್’ ಬೈಬಲ್‌ನ ಶಿಶುಹತ್ಯೆಯ ಪ್ರಸಂಗವನ್ನು ಮಾಫಿಯಾ ಲೋಕಕ್ಕೆ ತರುತ್ತದೆ. ಉಳಿದವುಗಳಲ್ಲಿ ಎಷ್ಟೋ ಕಥೆಗಳು ಹೊಸ ಬಗೆಯಲ್ಲಿ ಕೊಲ್ಲುವುದನ್ನೇ ಕಥೆ ಎಂದುಕೊಂಡಿವೆ.

ಕೊಳ್ಳುವಾಗ ಒಂದು ಎಚ್ಚರ: ‘ಫ್ರಮ್ ಫಸ್ಟ್ ಟು ಲಾಸ್ಟ್’ ಹಳೆಯ ಮುದ್ರಣ. ಆಮೇಲೆ ಬಂದ ‘ಕಂಪ್ಲೀಟ್ ಕಲೆಕ್ಷನ್’, ‘ಆಮ್ನಿಬಸ್’ಗಳಲ್ಲಿ ಈ ಒನ್‌ಶಾಟ್‌ಗಳನ್ನು ಬೇರೆ ಬೇರೆ ಸಂಪುಟಕ್ಕೆ ಹಂಚುವುದುಂಟು. ಮುಖಪುಟ ನೋಡಿ ದುಡ್ಡು ಕೊಡಬೇಡಿ. ಹಿಂಬದಿಯಲ್ಲಿ ‘ಕಲೆಕ್ಟಿಂಗ್’ ಎಂದು ಶುರುವಾಗುವ ಸಣ್ಣಕ್ಷರದ ಸಾಲು ಓದಿ, ಮೂರೂ ಹೆಸರು ಇವೆಯೇ ಎಂದು ನೋಡಿಕೊಳ್ಳಿ.

ನಿರಂತರ_ಓದು

ಇಷ್ಟೆಲ್ಲ ಕಥೆಯ ಬಗ್ಗೆ ಆಯಿತು. ಇವನನ್ನು ಹೇಗೆ ಓದಬೇಕು ಎನ್ನುವುದೂ ಮುಖ್ಯ ಅಲ್ಲವೇ? ಅಮೆರಿಕದಲ್ಲಿ ಕೆಲ ಪೊಲೀಸರು, ಸೈನಿಕರು ಆ ಬುರುಡೆಯನ್ನು ತಮ್ಮ ವಾಹನಕ್ಕೆ, ಉಡುಪಿಗೆ ಅಂಟಿಸಿಕೊಂಡರು. ಕಾನೂನು ಕಾಯುವವರು ಕಾನೂನು ಸೋತ ಕಡೆ ಹುಟ್ಟಿದವನ ಗುರುತು ಹಾಕುವುದು ತಪ್ಪು ಎಂದು ಕಾನ್ವೇ ಅವರೇ ಬಹಿರಂಗವಾಗಿ ಹೇಳಿದ್ದಾರೆ. 2020ರಲ್ಲಿ ಅದೇ ಬುರುಡೆಯನ್ನು ಹೊಸದಾಗಿ ಬರೆಸಿ ಟೀಶರ್ಟ್ ಮಾರಿ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ಗೆ ಹಣ ಕೂಡಿಸಿದರು. 2018ರಲ್ಲಿ ಶುರುವಾದ ಸರಣಿಯ 13ನೇ ಸಂಚಿಕೆಯಲ್ಲಿ (2019, ಬರೆದವರು ಮ್ಯಾಥ್ಯೂ ರೋಸೆನ್‌ಬರ್ಗ್) ಫ್ರ್ಯಾಂಕ್ ಸ್ವತಃ ಪೊಲೀಸರ ಕಾರಿನ ಬುರುಡೆ ಚೀಟಿ ಹರಿದುಹಾಕಿ, ಮಾದರಿ ಬೇಕಿದ್ದರೆ ಕ್ಯಾಪ್ಟನ್ ಅಮೆರಿಕನನ್ನು ನೋಡಿ ಎನ್ನುತ್ತಾನೆ.

ಎನ್‌ಕೌಂಟರ್ ದೃಶ್ಯಕ್ಕೆ ಶಿಳ್ಳೆ ಬೀಳುವ ನಮ್ಮ ಚಿತ್ರಮಂದಿರಗಳನ್ನು ನೋಡಿದವರಿಗೆ ಇದು ದೂರದ ವಿಷಯವಲ್ಲ.

ಮಸಿಕುಡಿಕೆ

ಒಪ್ಪಿದೆ. ಅದಕ್ಕೇ ‘ದ ಎಂಡ್’ ಈ ಸಂಕಲನದ ಬೆನ್ನೆಲುಬು ಎನ್ನುತ್ತೇನೆ. (ಕೊನೆಯ ಪುಟಗಳ ಗುಟ್ಟು ಇದೆ.)

ಅಣುಯುದ್ಧದ ನಂತರ ಸಿಂಗ್ ಸಿಂಗ್ ಜೈಲಿನ ಅಡಿಯ ಆಶ್ರಯದಿಂದ ಫ್ರ್ಯಾಂಕ್ ಮತ್ತು ಪ್ಯಾರಿಸ್ ಪೀಟರ್ಸ್ ಎಂಬ ಇನ್ನೊಬ್ಬ ಕೈದಿ ಹೊರಬಿದ್ದು ನ್ಯೂಯಾರ್ಕಿನತ್ತ ನಡೆಯುತ್ತಾರೆ. ಸಿಂಗ್ ಸಿಂಗ್ ಇರುವುದು ಹಡ್ಸನ್ ನದಿ ದಂಡೆಯ ಆಸಿನಿಂಗ್‌ನಲ್ಲಿ, ನಗರಕ್ಕೆ ಸುಮಾರು 50 ಕಿಲೋಮೀಟರ್. ಹೊರಗಿನ ಗಾಳಿಯೇ ಕೊಲ್ಲುತ್ತಿರುವುದರಿಂದ ಈ ನಡಿಗೆಗೆ ವಾಪಸಾತಿ ಇಲ್ಲ ಎಂದು ಇಬ್ಬರಿಗೂ ಗೊತ್ತು. ಈ ಯುದ್ಧಕ್ಕೆ ಕಾರಣರಾದ ಸಿರಿವಂತರು, ಅಧಿಕಾರಸ್ಥರು ನೆಲದಡಿ ಸುರಕ್ಷಿತವಾಗಿದ್ದಾರೆ. ತಾವು ಸತ್ತರೆ ಮನುಕುಲವೇ ಮುಗಿಯಿತು ಎಂದು ಅವರು ವಾದ ಮಾಡುತ್ತಾರೆ. ಫ್ರ್ಯಾಂಕ್‌ಗೆ ಅದು ವಾದವಾಗಿ ಕೇಳಿಸುವುದೇ ಇಲ್ಲ. ಅವರ ನಂತರ, ಜೊತೆಗೆ ಅಷ್ಟು ದೂರ ನಡೆದುಬಂದ ಪೀಟರ್ಸ್‌ಗೂ ಅದೇ ಗತಿ, ಏಕೆಂದರೆ ಅವನೂ ಕೊಂದವನು.

ಪನಿಷರ್ ಅಭಿಮಾನಿಯನ್ನು ಎನಿಸ್ ಮೂಲೆಗೆ ಒತ್ತುವುದು ಇಲ್ಲಿ. ‘ತಪ್ಪು ಮಾಡಿದವನು ಸಾಯಲೇಬೇಕು’ ಎಂಬ ಮಾತಿಗೆ ಶಿಳ್ಳೆ ಹೊಡೆಯುತ್ತಾ ಬಂದ ಓದುಗ, ಆ ಮಾತನ್ನು ಕೊನೆಯ ಅಂಕೆಯವರೆಗೆ ಲೆಕ್ಕ ಮಾಡಿದರೆ ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ ಎಂದು ನೋಡಬೇಕಾಗುತ್ತದೆ. ಫ್ರ್ಯಾಂಕ್ ಬದಲಾಗದಿರುವುದನ್ನೇ ಇಲ್ಲಿ ಅವನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದ್ದಾರೆ. ಮುಂದಿನ ತಿಂಗಳ ಸಂಚಿಕೆಗೆ ನಾಯಕ ಬೇಕು ಎನ್ನುವ ಸರಣಿಯಲ್ಲಿ ಈ ಕಥೆ ಬರೆಯಲು ಸಾಧ್ಯವೇ ಇರಲಿಲ್ಲ.

ಕಡಲತಡಿ

ಸ್ವಲ್ಪ ಬೇರೆ ವಿಷಯ, ಆದರೆ ಬೇಕಾದದ್ದು. ಬಿಡಿ ಸಂಚಿಕೆಗಳನ್ನು ಕೂಡಿಡುವವರು ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಏನು ಮಾಡಬೇಕು? ಗ್ಲಾಸಿ ಕಾಗದದ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಪಿನ್ನು ತುಕ್ಕು ಹಿಡಿಯುತ್ತದೆ.

ಕುಂಚಕೌಶಲ

ಅಂಟಿಕೊಳ್ಳುವುದು ಗ್ಲಾಸಿ ಕಾಗದದ ಮೇಲಿನ ಲೇಪ ತೇವ ಹೀರಿ ಮೆತ್ತಗಾಗುವುದರಿಂದ. ಅಂಟಿದ ಮೇಲೆ ಎಳೆದರೆ ಬಣ್ಣವೇ ಕಿತ್ತು ಬರುತ್ತದೆ, ಹಾಗಾಗಿ ಮೊದಲೇ ತಡೆಯಬೇಕು.

ಈಗಿನ ಸಂಚಿಕೆಯ ಅಗಲ ಸುಮಾರು 6.6 ಇಂಚು, ಎತ್ತರ 10.2 ಇಂಚು. 1970ರ ದಶಕದವು ಸ್ವಲ್ಪ ಅಗಲ. ‘ಮಾರ್ವೆಲ್ ಪ್ರಿವ್ಯೂ’ ಥರದವು ಮ್ಯಾಗಜೀನ್ ಅಳತೆ. ಮೂರಕ್ಕೂ ಚೀಲ ಬೇರೆ ಬೇರೆ ತರಿಸಿ. ಬಿಗಿ ಚೀಲಕ್ಕೆ ತುರುಕಿದರೆ ಮೂಲೆ ಮಡಚುತ್ತದೆ. ಸಾದಾ ಪಾಲಿಪ್ರೊಪಿಲೀನ್ ಚೀಲ ಕೆಲವು ವರ್ಷಕ್ಕೆ ಹಳದಿಯಾಗಿ ಅಲೆಅಲೆಯಾಗುತ್ತದೆ, ಆಗ ಬದಲಿಸಿ. ಬೆಲೆಬಾಳುವುದಕ್ಕೆ ಪಾಲಿಯೆಸ್ಟರ್ ಚೀಲ. ಹಿಂದೆ ಇಡುವ ರಟ್ಟು ಆಮ್ಲರಹಿತ ಆಗಿರಲೇಬೇಕು. ಅಂಗಡಿಯ ಮಾಮೂಲಿ ರಟ್ಟಿನ ಆಮ್ಲ ಕಾಗದಕ್ಕೆ ಇಳಿದು ಕಂದು ಕಲೆ ಮಾಡುತ್ತದೆ.

ಪೆಟ್ಟಿಗೆಯಲ್ಲಿ ನೇರವಾಗಿ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಪೆಟ್ಟಿಗೆ ನೆಲಕ್ಕೂ ಹೊರಗೋಡೆಗೂ ತಾಗದಿರಲಿ. ಒಳಗೆ ಸಿಲಿಕಾ ಜೆಲ್ ಇಡಿ. ಕಿತ್ತಳೆ ಕಾಳು ಹಸಿರಾದರೆ ತೇವ ತುಂಬಿತೆಂದು ಅರ್ಥ. ಓವನ್‌ನಲ್ಲಿ 120 ಡಿಗ್ರಿ ಆಸುಪಾಸಿನಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ಸೇಕಡಾ 50ರ ಆಸುಪಾಸು ತೇವಾಂಶ ಇದ್ದರೆ ಒಳ್ಳೆಯದು, ಪುಟ್ಟ ಹೈಗ್ರೋಮೀಟರ್ ಒಳಗಿಟ್ಟರೆ ಗೊತ್ತಾಗುತ್ತದೆ. ತೀರಾ ಒಣಗಿಸಿದರೂ ಹಳೆಯ ಕಾಗದ ಪುಡಿಯಾಗುತ್ತದೆ. ನುಸಿಗುಳಿಗೆ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ. ಬೇವಿನ ಎಲೆ ಹಾಕುವುದಾದರೆ ಪೂರ್ತಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಪೆಟ್ಟಿಗೆಯ ಮೂಲೆಗೆ ಇಡಿ. ಪುಟದ ನಡುವೆ ಇಟ್ಟರೆ ಕಲೆ ಬೀಳುತ್ತದೆ. ಹರಿದದ್ದಕ್ಕೆ ಸೆಲ್ಲೋಟೇಪ್ ಅಂಟಿಸಲೇಬೇಡಿ.

ಸಾಗರ_ಸಂಜೆ

ಕೊನೆಯದೊಂದು ಪ್ರಶ್ನೆ. ಕನ್ನಡದಲ್ಲಿ ಇಂಥದ್ದೇ ಒಂದು ಸ್ವತಂತ್ರ ಒನ್‌ಶಾಟ್ ಮಾಡುವ ಯೋಚನೆ ಇರುವವರಿಗೆ ಎಲ್ಲಿ ತೊಡಕಾಗುತ್ತದೆ? ಚಿತ್ರಕ್ಕಿಂತ ಅಕ್ಷರದಲ್ಲೇ ಹೆಚ್ಚು ಕಾಟ ಅನ್ನಿಸುತ್ತದೆ.

ತುಂಗಾತೀರ

ಸರಿಯಾಗಿ ಹಿಡಿದಿದ್ದೀರಿ. ಇಂಗ್ಲಿಷ್ ಕಾಮಿಕ್ಸ್ ಪೂರ್ತಿ ದೊಡ್ಡಕ್ಷರದಲ್ಲಿರುವುದರಿಂದ ಸಾಲುಗಳನ್ನು ಒತ್ತಿಟ್ಟರೂ ನಡೆಯುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ಬಡಿಯುತ್ತದೆ. ‘ಸ್ತ್ರೀ’, ‘ಲಕ್ಷ್ಮೀ’ ಇರುವ ಎರಡು ಸಾಲು ಒಂದರ ಕೆಳಗೊಂದು ಹಾಕಿ ಪರೀಕ್ಷಿಸಿ. 9 ಪಾಯಿಂಟ್ ಅಕ್ಷರಕ್ಕೆ ಸಾಲಂತರ 13ರಿಂದ 14 ಪಾಯಿಂಟ್ ಬೇಕೇಬೇಕು. ಹಾಗಾಗಿ ಮಾತಿನ ಗುಳ್ಳೆ ಇಂಗ್ಲಿಷಿನದಕ್ಕಿಂತ ಎತ್ತರವಾಗುತ್ತದೆ. ಚಿತ್ರ ಬರೆಯುವ ಮೊದಲೇ ಅದಕ್ಕೆ ಜಾಗ ಬಿಡಿ, ಆಮೇಲೆ ತೂರಿಸಲು ಹೋದರೆ ಮುಖ ಮುಚ್ಚುತ್ತದೆ.

ನಮ್ಮ ಪದಗಳು ಉದ್ದ, ಕಿರಿದಾದ ಗುಳ್ಳೆಯಲ್ಲಿ ‘ಹೋಗಬೇಕಾಗಿದ್ದವರು’ ಎಂಬಂಥದ್ದು ಒಂದೇ ಸಾಲು ನುಂಗುತ್ತದೆ. ಗುಳ್ಳೆಗೆ 12ರಿಂದ 15 ಪದ ಮೀರದಂತೆ ಬರೆಯಿರಿ, ಗುಂಡಗಿನ ಗುಳ್ಳೆಗಿಂತ ಅಡ್ಡಕ್ಕೆ ಅಗಲವಾದದ್ದು ಹೊಂದುತ್ತದೆ.

ಪುಟವಿನ್ಯಾಸಕ್ಕೆ ಇನ್‌ಡಿಸೈನ್ ತಂತ್ರಾಂಶ ಬಳಸುವವರು ಯೂನಿಕೋಡ್ ಫಾಂಟ್ ಹಾಕಿದ ಮೇಲೂ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆ ಮಾಡಿ. ಹಳೆಯ ನುಡಿಯಂಥ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ನಲ್ಲಿ ಮಾಡಿದರೆ ನಿಮ್ಮ ಪರದೆಯಲ್ಲಿ ಚೆಂದ ಕಾಣುತ್ತದೆ, ಮುದ್ರಕರ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಚಿತ್ರವಿಚಿತ್ರ ಚಿಹ್ನೆಗಳಾಗುತ್ತವೆ. ಕೊನೆಯ ಕಡತದಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಅಂದರೆ ಆಕಾರಗಳಾಗಿ ಬದಲಿಸಿ) ಕಳಿಸಿ, ತಿದ್ದಲು ಬರುವ ಪ್ರತಿಯೊಂದು ಬೇರೆ ಇಟ್ಟುಕೊಳ್ಳಿ.

ಕಥೆಯ ಲೆಕ್ಕ: 24 ಪುಟ, ಪುಟಕ್ಕೆ ಸರಾಸರಿ ಐದು ಚೌಕಟ್ಟು ಅಂದರೆ ಹತ್ತಿರ ಹತ್ತಿರ 120 ಚಿತ್ರ. ಗುಟ್ಟು ಬಯಲಾಗುವ ಚಿತ್ರ ಯಾವಾಗಲೂ ಎಡಪುಟದಲ್ಲಿ, ಅಂದರೆ ಹಾಳೆ ಮಗುಚಿದ ಮೇಲೆ ಕಾಣುವಂತೆ ಬರಲಿ. ಬಲಪುಟದಲ್ಲಿಟ್ಟರೆ ಓದುಗನ ಕಣ್ಣು ಮೊದಲೇ ಅಲ್ಲಿಗೆ ಹಾರುತ್ತದೆ. ಕ್ಯಾಪ್ಷನ್ ಪೆಟ್ಟಿಗೆಯಲ್ಲಿ ನಾಯಕನ ಮನಸ್ಸಿನ ಮಾತು ತುಂಬುವ ಆಸೆ ಬರುತ್ತದೆ. ಚಿತ್ರದಲ್ಲಿ ಕಾಣುವುದನ್ನೇ ಅವನು ಹೇಳುತ್ತಿದ್ದರೆ ಆ ಪೆಟ್ಟಿಗೆ ಕಿತ್ತುಹಾಕಿ.

ಗೆರೆಗಾರ

ಎಲ್ಲರಿಗೂ ಧನ್ಯವಾದ. ಮೊದಲ ಪೋಸ್ಟಿಗೆ ಎರಡೂ ಕ್ರಮ ಸೇರಿಸುತ್ತೇನೆ: ಹೊಸಬರಿಗೆ ‘ದ ಸೆಲ್’ನಿಂದ ಶುರು, ಪನಿಷರ್ ಓದಿ ಅಭ್ಯಾಸ ಇರುವವರಿಗೆ ಬಿಡುಗಡೆಯ ಕ್ರಮ. ಬ್ಲೇಕ್ ಪದ್ಯವನ್ನು ‘ದ ಟೈಗರ್’ಗೆ ಮೊದಲು ಓದಬೇಕೋ ಆಮೇಲೋ, ಅದೊಂದು ಬಾಕಿ ಇದೆ.

ಹಳೇಪುಸ್ತಕ

ಆಮೇಲೆ ಓದಿ. ಪದ್ಯ ಕಥೆಯೊಳಗೇ ಬರುತ್ತದೆ. ಹುಡುಗ ಮೊದಲ ಸಲ ಕೇಳುವಾಗ ನಿಮಗೂ ಅದು ಮೊದಲ ಸಲವೇ ಆಗಿರಲಿ.